ನಿನ್ನೆಯ ಚೀಟಿಯ ಅಡುಗೆ

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದ ಅವಳನ್ನು ಎಲ್ಲರೂ ಗಡಿಯಾರದಕ್ಕ ಎಂದೇ ಕರೆಯುತ್ತಿದ್ದರು. ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಅಳೆಯುವ ಯಂತ್ರ ಕೆಟ್ಟು ಕೂತು ಎರಡು ವರ್ಷವಾಗಿತ್ತು. ಹೊಸದು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಮೇಲಿನವರು ಹೇಳುತ್ತಲೇ ಇದ್ದರು. ಮಾತು ಬಂದಷ್ಟು ಸಲ ಯಂತ್ರ ಬಂದಿದ್ದರೆ ಲ್ಯಾಬಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹಾಗಾಗಿ ಆ ಕೆಲಸ ಅವಳ ಕೈಗೆ ಬಂದಿತ್ತು. ನೀಲಿ ಮುಚ್ಚಳದ ಕೊಳವೆಯಲ್ಲಿ ಬಂದ ರಕ್ತವನ್ನು ಗಿರಗಿರನೆ ತಿರುಗಿಸಿ, ಮೇಲೆ ನಿಂತ ತಿಳಿಹಳದಿ ರಸವನ್ನು ತೆಗೆದು, ಬಿಸಿನೀರಿನ ತೊಟ್ಟಿಯಲ್ಲಿಟ್ಟು, ಔಷಧದ ಹನಿ ಹಾಕಿದ ಕೂಡಲೇ ಎಡಗೈಯ ಸ್ಟಾಪ್‌ವಾಚ್ ಒತ್ತುವುದು. ಆಮೇಲೆ ಕೊಳವೆಯನ್ನು ಬೆಳಕಿಗೆ ಹಿಡಿದು ವಾಲಿಸುತ್ತ, ನೆಟ್ಟಗೆ ಮಾಡುತ್ತ ನೋಡುವುದು. ನೀರಿನಂತೆ ಹರಿಯುತ್ತಿದ್ದ ರಸದಲ್ಲಿ ಒಂದು ಎಳೆ ಕಾಣಿಸಿಕೊಂಡು ಹರಿವು ನಿಂತ ಗಳಿಗೆಯಲ್ಲಿ ಗಡಿಯಾರ ನಿಲ್ಲಿಸುವುದು. ಆರೋಗ್ಯವಾಗಿರುವವರಿಗೆ ಹದಿಮೂರು ಸೆಕೆಂಡು.

ದಿನದ ಮೊದಲ ಪರೀಕ್ಷೆ ರೋಗಿಯದಲ್ಲ, ಗಟ್ಟಿಮುಟ್ಟಾಗಿರುವವರದು. ಆರು ಜನ ಆರೋಗ್ಯವಂತರ ರಕ್ತ ತೆಗೆದು, ಅದರ ತಿಳಿಯನ್ನೆಲ್ಲ ಒಟ್ಟಿಗೆ ಬೆರೆಸಿ, ಇಪ್ಪತ್ತನಾಲ್ಕು ಪುಟ್ಟ ಸೀಸೆಗಳಲ್ಲಿ ತುಂಬಿ ಫ್ರೀಜರಿನಲ್ಲಿಡುತ್ತಿದ್ದರು. ಅದಕ್ಕೆ ನಾರ್ಮಲ್ ಎಂದು ಹೆಸರು. ಬೆಳಿಗ್ಗೆ ಒಂದು ಸೀಸೆ ಕರಗಿಸಿ ನೋಡಿ, ಹದಿಮೂರು ಬಂದರೆ ಔಷಧ ಸರಿಯಾಗಿದೆ, ನೀರಿನ ಬಿಸಿ ಸರಿಯಾಗಿದೆ, ಕೈಯೂ ಸರಿಯಾಗಿದೆ ಎಂದು ಅರ್ಥ. ಈ ಸಲದ ನಾರ್ಮಲ್‌ಗೆ ಆಸ್ಪತ್ರೆಯಲ್ಲಿ ಐದೇ ಜನ ಸಿಕ್ಕಿದ್ದರು. ಆರನೆಯವಳಾಗಿ ಅವಳು ತೋಳು ಮಡಿಚಿದಾಗ ಲ್ಯಾಬಿನ ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿ, "ನಿಮ್ಮದು ಬೇಡಮ್ಮ. ನೀವು ನಾರ್ಮಲ್ ಆದ್ರೆ ನಾವೆಲ್ಲ ಪೈಲ್ವಾನರು" ಎಂದಿದ್ದರು. ಆ ಹೊತ್ತಿಗೆ ಊಟದ ಡಬ್ಬಿ ಕೊಡಲು ಬಂದಿದ್ದ ತನ್ನ ಅಣ್ಣನನ್ನೇ ಕುರ್ಚಿಗೆ ಕೂರಿಸಿ ರಕ್ತ ತೆಗೆದಳು. "ನೋಡ್ಕೊಂಡು ತೆಗಿ, ನನ್ನ ರಕ್ತದಲ್ಲಿ ಒಗ್ಗರಣೆ ವಾಸನೆ ಬರುತ್ತೆ" ಎಂದು ಅವನು ನಕ್ಕಿದ್ದ.

ಅಣ್ಣ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಾನೂರು ಜನಕ್ಕೆ ಅಡುಗೆ ಮಾಡುವವನು. ಅಲ್ಲಿ ಅವನ ಹೆಸರು ಸೌಟಣ್ಣ. ಮದುವೆಯಾಗಿರಲಿಲ್ಲ; ಕೇಳಿದವರಿಗೆ ಸೌಟಿನ ಜೊತೆ ಆಗಿದೆ ಎನ್ನುತ್ತಿದ್ದ. ತಂಗಿಯ ಗಂಡ ಕೆಲಸಕ್ಕೆ ಹೊರಟವನು ಬಸ್ಸಿನ ಸೀಟಿನಲ್ಲೇ ಕೂತಂತೆ ಸತ್ತು ಒಂದೂವರೆ ವರ್ಷವಾಗಿತ್ತು. ಅಂದಿನಿಂದ ಅವಳು ಅತ್ತಿದ್ದನ್ನು ಯಾರೂ ನೋಡಿರಲಿಲ್ಲ, ಊಟ ಮಾಡಿದ್ದನ್ನೂ. ಕಾಲಿಗೆ ಜೋಮು ಹಿಡಿಯುವುದುಂಟು, ಕೊಡವಿದರೆ ಬಿಡುತ್ತದೆ. ಇಡೀ ಮನುಷ್ಯಳಿಗೇ ಜೋಮು ಹಿಡಿದರೆ ಎಲ್ಲಿಂದ ಹಿಡಿದು ಕೊಡವುವುದು? ಚಹಾದಲ್ಲಿ ಅದ್ದಿದ ನಾಲ್ಕು ಬಿಸ್ಕತ್ತು, ಸಂಜೆ ಒಂದು ತುಂಡು ಬ್ರೆಡ್ಡು, ಅಷ್ಟರಲ್ಲಿ ಅವಳ ದಿನ ಮುಗಿಯುತ್ತಿತ್ತು. ಹಸಿವೆ ಎಂಬುದು ಅವಳ ವಿಳಾಸ ಮರೆತಿತ್ತು.

ಅಣ್ಣನಿಗೆ ಮಾತಿನಲ್ಲಿ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಬರುತ್ತಿದ್ದುದು ಅಡುಗೆ. ಪ್ರತಿ ಭಾನುವಾರ ನೀಲಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಏನಾದರೂ ಮಾಡಿ ತರುತ್ತಿದ್ದ, ಸಂಜೆ ಫೋನ್ ಮಾಡಿ "ತಿಂದೆಯಾ ಗುಬ್ಬಿ?" ಎನ್ನುತ್ತಿದ್ದ. "ತಿಂದೆ ಅಣ್ಣ. ಚೆನ್ನಾಗಿತ್ತು" ಎಂದು ಅವಳು ಹೇಳುತ್ತಿದ್ದಳು. ಡಬ್ಬಿ ಫ್ರಿಜ್ಜಿನಲ್ಲೇ ಇರುತ್ತಿತ್ತು. ಶನಿವಾರ ಅದನ್ನು ಕಸಕ್ಕೆ ಸುರಿದು, ತೊಳೆದು, ಮರುದಿನ ಖಾಲಿ ಡಬ್ಬಿ ಕೈಗಿಡುತ್ತಿದ್ದಳು. ಎಪ್ಪತ್ತು ಭಾನುವಾರ, ಎಪ್ಪತ್ತು ಡಬ್ಬಿ, ಎಪ್ಪತ್ತು ಸುಳ್ಳು. ಯಾರಿಗೂ ನಷ್ಟವಿಲ್ಲದ ಸುಳ್ಳು ಎಂದು ಅವಳು ತಿಳಿದಿದ್ದಳು. ನಾವೆಲ್ಲರೂ ನಮ್ಮ ನಮ್ಮ ಸುಳ್ಳುಗಳ ಬಗ್ಗೆ ತಿಳಿದಿರುವುದು ಹಾಗೆಯೇ.

ಆ ಭಾನುವಾರ ಅಣ್ಣ ಎಂದಿಗಿಂತ ಹಿಗ್ಗಿನಲ್ಲಿ ಬಂದ. "ಏನು ತಂದಿದೀನಿ ಹೇಳು ನೋಡೋಣ" ಎಂದ. ಅವನೇ ಮುಚ್ಚಳ ತೆಗೆದು ತೋರಿಸಿದ. ಈರುಳ್ಳಿ, ಮೆಣಸು ಹಾಕಿ ಹುರಿದ ಅಣಬೆ.

ಅದು ಅವರ ಅಮ್ಮನ ಕಾಲದ ತಿನಿಸು. ಅವರು ಹುಟ್ಟಿದ ಊರು ಇಲ್ಲಿಂದ ಬಹಳ ದೂರ. ಅಲ್ಲಿ ಮಳೆ ನಿಂತ ಮೂರನೆಯ ದಿನ ಹುಲ್ಲಿನ ರಾಶಿಯ ಪಕ್ಕ ಮೊಟ್ಟೆಯಂತೆ ಬೆಳ್ಳಗೆ ಮೇಲೆದ್ದು, ಮೊಟ್ಟೆ ಒಡೆದು ಕೊಡೆ ಬಿಚ್ಚುವ ಅಣಬೆಯನ್ನು ಅಮ್ಮ ಸೆರಗು ತುಂಬ ಆರಿಸಿ ತರುತ್ತಿದ್ದಳು. ಗುಬ್ಬಿ ಆಗ ಬಾಣಲೆಯ ತಳ ಕೆರೆದು ತಿನ್ನುತ್ತಿದ್ದಳು. ಅಣ್ಣನಿಗೆ ಅದು ನೆನಪಿತ್ತು. ಕಾರ್ಖಾನೆಯ ಹಿಂದಿನ ಗೋಡೆಯ ಉದ್ದಕ್ಕೂ ಯಾವ ಕಾಲದಲ್ಲೋ ಯಾರೋ ಬೇರೆ ದೇಶದ ಮರಗಳನ್ನು ತಂದು ನೆಟ್ಟಿದ್ದರು. ಅವುಗಳ ಬುಡದಲ್ಲಿ ಅದೇ ಬಿಳಿ ಮೊಟ್ಟೆ, ಅದೇ ಕೊಡೆ ಕಂಡಾಗ ಅವನಿಗೆ ತಾಯಿಯನ್ನೇ ಕಂಡಷ್ಟು ಸಂತೋಷವಾಯಿತು. ಅಮ್ಮ ಹೇಳಿಕೊಟ್ಟ ಪರೀಕ್ಷೆಯನ್ನೂ ಮಾಡಿದ. ಒಂದು ಅಣಬೆಯ ಅಂಚನ್ನು ಹುಳ ತಿಂದಿತ್ತು. ಹುಳ ತಿಂದದ್ದನ್ನು ಮನುಷ್ಯ ತಿನ್ನಬಹುದು ಎನ್ನುವುದು ಅಮ್ಮನ ಲೆಕ್ಕ. ಹುಳದ ಹೊಟ್ಟೆಯೇ ಬೇರೆ, ಮನುಷ್ಯನ ಹೊಟ್ಟೆಯೇ ಬೇರೆ ಎಂದು ಅಮ್ಮನಿಗೆ ತಿಳಿಯುವ ಪ್ರಸಂಗ ಆ ಊರಿನಲ್ಲಿ ಬಂದಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾವು ದಿನಕ್ಕೆ ನಾಲ್ಕು ಸಲ ಹೇಳುತ್ತೇವೆ, ಬೇರೆಯವರಿಗೆ.

"ನಾನು ಬಿಸಿಬಿಸಿ ತಿಂದೇ ಬಂದೆ. ಇದು ನಿನ್ನ ಪಾಲು" ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೋದ. ಅವಳು ಅದನ್ನು ಫ್ರಿಜ್ಜಿನಲ್ಲಿಟ್ಟಳು. ಸಂಜೆ ಫೋನು ಬಂತು. "ತಿಂದೆಯಾ ಗುಬ್ಬಿ? ಅಮ್ಮ ಮಾಡಿದ ಹಾಗೇ ಇತ್ತಲ್ವಾ?"

"ತಿಂದೆ ಅಣ್ಣ. ಹಾಗೇ ಇತ್ತು."

ಸೋಮವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಬಂದಾಗ ಅಣ್ಣ ಮೇಲಿನ ವಾರ್ಡಿನಲ್ಲಿ ಮಲಗಿದ್ದ. ನಸುಕಿನಿಂದ ವಾಂತಿ, ಭೇದಿ. ಕ್ಯಾಂಟೀನಿನವರು ತಂದು ಸೇರಿಸಿದ್ದರು. ಮುಖ ಹಿಂಡಿದ ಬಟ್ಟೆಯಂತಾಗಿತ್ತು. ವಾರ್ಡಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವನಾದರೂ ದಡ್ಡನಲ್ಲ. ಏನು ತಿಂದಿರಿ ಎಂದು ಕೇಳಿದ. ಅಣಬೆ ಎಂದ ಕೂಡಲೇ ಪೆನ್ನು ನಿಲ್ಲಿಸಿದ.

"ಕಾಡು ಅಣಬೇನಾ? ನಿಮ್ಮ ಜೊತೆ ಬೇರೆ ಯಾರು ತಿಂದರು?"

"ನನ್ನ ತಂಗಿ ತಿಂದ್ಲು. ಅದೇ ಬಾಣಲೆಯದು" ಎಂದ ಅಣ್ಣ, ಮಂಚದ ಕಾಲಬಳಿ ನಿಂತಿದ್ದ ಅವಳನ್ನು ತೋರಿಸಿ. "ನೋಡಿ, ಗುಂಡುಕಲ್ಲಿನ ಹಾಗೆ ನಿಂತಿದಾಳೆ. ಅಣಬೆಯ ವಿಷಯ ನನಗೆ ಹೇಳಿಕೊಡಬೇಡಿ ಡಾಕ್ಟ್ರೇ."

ಡಾಕ್ಟರು ಅವಳತ್ತ ತಿರುಗಿದ. "ಹೌದಾ ಅಕ್ಕ? ನೀವೂ ತಿಂದ್ರಾ?"

ಅಣ್ಣನ ಕಣ್ಣು ಅವಳ ಮೇಲಿತ್ತು. ಇಲ್ಲ ಎಂದರೆ ಒಂದು ಡಬ್ಬಿಯ ಮಾತಲ್ಲ, ಎಪ್ಪತ್ತು ಡಬ್ಬಿಯ ಮಾತು. ಡ್ರಿಪ್ ಚುಚ್ಚಿಸಿಕೊಂಡು ಮಲಗಿದವನ ಮುಂದೆ ಅದನ್ನೆಲ್ಲ ಬಿಚ್ಚುವುದೇ? ಹೊಟ್ಟೆ ಕೆಟ್ಟಿದೆ, ನಾಳೆ ಸರಿಯಾಗುತ್ತದೆ ಎಂದುಕೊಂಡಳು. ಅಷ್ಟನ್ನೂ ಯೋಚಿಸಿದಳೋ ಇಲ್ಲವೋ, ಅವಳಿಗೇ ಆಮೇಲೆ ಖಚಿತವಿರಲಿಲ್ಲ. ತಲೆ ತಾನಾಗಿ ಆಡಿತು.

"ಹೂಂ" ಎಂದಳು.

"ಹಾಗಾದ್ರೆ ಅಣಬೆ ಅಲ್ಲ" ಎಂದು ಡಾಕ್ಟರು ಪೆನ್ನು ಓಡಿಸಿದ. "ನೀರಿಂದು ಇರಬೇಕು. ಡ್ರಿಪ್ ಹೋಗಲಿ."

ಸಂಜೆ ಮನೆಗೆ ಹೋಗಿ ಚಹಾದ ಹಾಲಿಗೆಂದು ಫ್ರಿಜ್ಜು ತೆರೆದಾಗ ನೀಲಿ ಮುಚ್ಚಳ ಕಂಡಿತು. ಬೇರೆ ಯಾರಾದರೂ ಆಗಿದ್ದರೆ ಆಗಲೇ ಆಸ್ಪತ್ರೆಗೆ ಓಡುತ್ತಿದ್ದರು. ಅವಳು ನಿಂತು ನೋಡಿದಳು. ಒಳಗೆ ಏನೂ ಆಗಲಿಲ್ಲ, ಭಯ ಕೂಡ. ಗಂಡನ ಶವದ ಪಕ್ಕ ಕೂತಿದ್ದಾಗಲೂ ಹೀಗೆಯೇ ಆಗಿತ್ತು. ನಾಳೆ ಹೇಳಿದರಾಯಿತು ಎಂದು ಹಾಲು ತೆಗೆದುಕೊಂಡು ಬಾಗಿಲು ಮುಚ್ಚಿದಳು.

ಮಂಗಳವಾರ ಬೆಳಿಗ್ಗೆ ಅಣ್ಣ ಎದ್ದು ಕೂತಿದ್ದ. ವಾಂತಿ ನಿಂತಿತ್ತು, ಮುಖಕ್ಕೆ ಬಣ್ಣ ಬಂದಿತ್ತು. ಆಸ್ಪತ್ರೆಯ ಗಂಜಿ ಗೋಡೆಗೆ ಅಂಟಿಸಲು ಚೆನ್ನಾಗಿದೆ ಎಂದು ನರ್ಸಮ್ಮನ ಹತ್ತಿರ ಕಾಲು ಕೆರೆದು ಜಗಳ ತೆಗೆದಿದ್ದ. "ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ. ನನ್ನನ್ನೇ ಮಲಗಿಸಿಬಿಡ್ತಲ್ಲ ಆ ಹಾಳು ನೀರು" ಎಂದ. ಡಾಕ್ಟರಿಗೂ ಖುಷಿ. ಒಂದು ಸುತ್ತು ರಕ್ತ ನೋಡಿ ಮಧ್ಯಾಹ್ನ ಮನೆಗೆ ಕಳಿಸುತ್ತೇನೆ ಎಂದ. ಲಿವರಿನ ಪರೀಕ್ಷೆಗಳು ಹೊರಗಿನ ಲ್ಯಾಬಿಗೆ ಹೋಗಬೇಕು, ಉತ್ತರ ನಾಳೆ. ಹೆಪ್ಪುಗಟ್ಟುವುದು ಮಾತ್ರ ನೆಲಮಾಳಿಗೆಗೆ ಬಂತು.

ಅವಳು ಮೊದಲು ನಾರ್ಮಲ್ ಸೀಸೆ ಕರಗಿಸಿ ನೋಡಿದಳು. ಹದಿಮೂರು. ಆಮೇಲೆ ಅಣ್ಣನದು ಹಿಡಿದು ವಾಲಿಸಿದಳು. ಹದಿಮೂರು ಬಂತು, ಹೋಯಿತು. ಹದಿನಾರು. ಹತ್ತೊಂಬತ್ತು. ರಸ ಇನ್ನೂ ಹರಿಯುತ್ತಲೇ ಇತ್ತು. ಎಳೆ ಕಂಡದ್ದು ಇಪ್ಪತ್ತೆರಡಕ್ಕೆ.

ಅವಳ ಕಸುಬಿನಲ್ಲಿ ಒಂದು ನಿಯಮವಿದೆ. ಸಂಖ್ಯೆ ವಿಚಿತ್ರವಾಗಿದ್ದರೆ ರೋಗಿಯನ್ನು ಅನುಮಾನಿಸುವ ಮೊದಲು ಕೊಳವೆಯನ್ನು ಅನುಮಾನಿಸು. ನೋಡಿದರೆ ರಕ್ತ ಗೆರೆಯ ತನಕ ತುಂಬಿರಲಿಲ್ಲ, ಕೂದಲೆಳೆಯಷ್ಟು ಕಡಿಮೆ. ರಕ್ತ ಕಡಿಮೆ ಬಿದ್ದರೆ ಸಮಯ ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಅವಳಿಗೆ ಬೇಕಾಗಿದ್ದುದು ಅಷ್ಟೇ. ಬೇರೆಯವರದಾಗಿದ್ದರೆ ಆ ಕೂದಲೆಳೆ ಅವಳ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ. 'ಕೊಳವೆ ತುಂಬಿಲ್ಲ, ಮತ್ತೆ ಕಳಿಸಿ' ಎಂದು ಬರೆದು ವಾಪಸು ಕಳಿಸಿದಳು. ಎರಡನೆಯದು ಬರಲು ಮುಕ್ಕಾಲು ಗಂಟೆ. ಅದು ಗೆರೆಯ ತನಕ ತುಂಬಿತ್ತು. ಇಪ್ಪತ್ತಮೂರು ಸೆಕೆಂಡು. ಔಷಧದ ಹೊಸ ಸೀಸೆ ಒಡೆದಳು, ಇಪ್ಪತ್ತಮೂರು. ನೀರಿನ ಬಿಸಿ ಅಳೆದಳು, ಸರಿಯಾಗಿತ್ತು. ಇನ್ನೊಂದು ನಾರ್ಮಲ್ ಸೀಸೆ ಕರಗಿಸಿ ನೋಡಿದಳು, ಹದಿಮೂರು. ಒಂದೂವರೆ ಗಂಟೆ ಹೀಗೆ ಹೋಯಿತು. ಇನ್ನು ಅನುಮಾನಿಸಲು ಲ್ಯಾಬಿನಲ್ಲಿ ಏನೂ ಉಳಿದಿರಲಿಲ್ಲ.

ಉಳಿದದ್ದು ಒಂದೇ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಮಾಡುವುದು ಲಿವರು. ಅವುಗಳಲ್ಲಿ ಒಂದಕ್ಕಂತೂ ಆಯುಸ್ಸು ಕೆಲವೇ ಗಂಟೆ. ಹಳೆಯದು ಸವೆಯುತ್ತಿರುತ್ತದೆ, ಹೊಸದು ಬರುತ್ತಿರುತ್ತದೆ, ಆದ್ದರಿಂದಲೇ ಹದಿಮೂರು ಹದಿಮೂರಾಗಿಯೇ ಇರುತ್ತದೆ. ಹೊಸದು ಬರುವುದು ನಿಂತರೆ ಮೊದಲು ಸುದ್ದಿ ಹೇಳುವುದು ಈ ಕೊಳವೆ. ಮನುಷ್ಯ ಆಗಿನ್ನೂ ನಗುತ್ತಿರುತ್ತಾನೆ. ತರಬೇತಿಯಲ್ಲಿ ಓದಿದ ಅರ್ಧ ಪುಟ ನೆನಪಿಗೆ ಬಂತು. ಒಂದು ಜಾತಿಯ ಬಿಳಿ ಅಣಬೆ. ಮೊದಲು ವಾಂತಿ, ಆಮೇಲೆ ಒಂದು ದಿನ ಎಲ್ಲ ಸರಿಯಾಯಿತು ಎಂಬ ಭ್ರಮೆ, ಆಮೇಲೆ ಲಿವರು.

ಅವಳು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದಳು. ಮೂರು ಮಹಡಿ ಹತ್ತುವಷ್ಟರಲ್ಲಿ ಎರಡು ಕಡೆ ಕಂಬಿ ಹಿಡಿದು ನಿಲ್ಲಬೇಕಾಯಿತು. ವಾರ್ಡಿನಲ್ಲಿ ಅಣ್ಣ ಆಗಲೇ ಅಂಗಿ ಬದಲಿಸಿ ಗುಂಡಿ ಹಾಕಿಕೊಳ್ಳುತ್ತಿದ್ದ. ಡಾಕ್ಟರು ಬಿಡುಗಡೆಯ ಕಾಗದ ಬರೆಯುತ್ತಿದ್ದ.

"ಡಾಕ್ಟ್ರೇ, ನಾನು ತಿನ್ನಲಿಲ್ಲ" ಎಂದಳು.

"ಏನು ಅಕ್ಕ?"

"ಅಣಬೆ. ನಾನು ತಿನ್ನಲಿಲ್ಲ. ಡಬ್ಬಿ ಹಾಗೇ ಫ್ರಿಜ್ಜಲ್ಲಿದೆ. ಇವನ ಟೈಮು ಇಪ್ಪತ್ತಮೂರು. ಮೂರು ಸಲ ನೋಡಿದೀನಿ."

ಡಾಕ್ಟರ ಪೆನ್ನು ಎರಡನೆಯ ಸಲ ನಿಂತಿತು. ಮುಖದ ರಕ್ತವೆಲ್ಲ ಇಳಿದದ್ದು ಅವನದು, ರೋಗಿಯದಲ್ಲ. ಎದ್ದು ಫೋನಿನ ಕಡೆ ನಡೆದ. ಅಣ್ಣನ ಕೈ ಮೂರನೆಯ ಗುಂಡಿಯ ಮೇಲಿತ್ತು.

"ತಿನ್ನಲಿಲ್ವಾ?" ಎಂದ. "ಒಂದು ತುಂಡೂ?"

"ಇಲ್ಲ."

"ಸದ್ಯ" ಎಂದು ಉಸಿರು ಬಿಟ್ಟು ಮಂಚದ ಮೇಲೆ ಕೂತ. "ಸದ್ಯ, ಬದುಕಿದೆ."

ತನ್ನ ಬಗ್ಗೆ ಅಲ್ಲ ಅವನು ಹೇಳಿದ್ದು. ಅದು ಅವಳಿಗೆ ತಿಳಿಯಿತು. ತಿಳಿದರೂ ಒಳಗೆ ಎಲ್ಲಿಯೂ ತಾಕಲಿಲ್ಲ.

ದೊಡ್ಡ ಆಸ್ಪತ್ರೆಯಿಂದ ಆಂಬುಲೆನ್ಸ್ ಬರಲು ಎರಡು ಗಂಟೆ ಎಂದರು. ವಾರ್ಡಿನ ಹುಡುಗಿಯೊಬ್ಬಳು ಮನೆಯ ಬೀಗದ ಕೈ ತೆಗೆದುಕೊಂಡು ಹೋಗಿ ಡಬ್ಬಿ ತಂದಳು. ಅದನ್ನು ಚೀಲದಲ್ಲಿ ಕಟ್ಟಿ, ಮೇಲೆ ಚೀಟಿ ಅಂಟಿಸಿ ಕಿಟಕಿಯ ಬಳಿ ಇಟ್ಟರು. ಅಣ್ಣ ಅದನ್ನೇ ನೋಡುತ್ತ ಕೂತಿದ್ದ. ಅಂಗಿಯ ಗುಂಡಿ ಅರ್ಧ ಹಾಕಿದ್ದು ಹಾಗೇ ಇತ್ತು.

"ನನಗೇನಾಗಿದೆ, ನೆಟ್ಟಗೆ ಹೇಳು" ಎಂದ. "ಆ ಡಾಕ್ಟರು ಅಡ್ಡಗೋಡೆ ಮೇಲೆ ದೀಪ ಇಡ್ತಾನೆ. ನಾನು ಚೆನ್ನಾಗಿದೀನಲ್ಲ ಗುಬ್ಬಿ. ಹಸಿವೆ ಕೂಡ ಆಗ್ತಿದೆ."

ಅವಳು ಸ್ಟೂಲು ಎಳೆದುಕೊಂಡಳು. ಲ್ಯಾಬಿನ ಭಾಷೆಯಲ್ಲಿ ಹೇಳಿದರೆ ಅವನಿಗೆ ತಿಳಿಯುವುದಿಲ್ಲ. ಅವನ ಭಾಷೆ ಅವಳಿಗೆ ಗೊತ್ತಿತ್ತು.

"ನಿಮ್ಮ ಕ್ಯಾಂಟೀನಿನ ದೊಡ್ಡ ಪುಸ್ತಕ ಎಲ್ಲಿರುತ್ತೆ?"

"ಮ್ಯಾನೇಜರ ಬೀರುವಿನಲ್ಲಿ. ನಾನೂರು ಜನಕ್ಕೆ ಯಾವುದಕ್ಕೆ ಎಷ್ಟು ಅಂತ ಎಲ್ಲ ಅದರಲ್ಲೇ. ಅಡುಗೆಮನೆಗೆ ತರೋ ಹಾಗಿಲ್ಲ, ಎಣ್ಣೆ ಕೈ ತಾಗಿದ್ರೆ ಹಾಳಾಗುತ್ತೆ ಅಂತ."

"ಮತ್ತೆ ನೀವು ಅಡುಗೆ ಮಾಡೋದು?"

"ಗುಮಾಸ್ತ ಬೆಳಿಗ್ಗೆ ಆವತ್ತಿನ ಪುಟ ಚೀಟಿ ಮೇಲೆ ಇಳಿಸಿ ಕಿಟಕಿಯಿಂದ ಕೊಡ್ತಾನೆ. ಚೀಟಿ ನೋಡ್ಕೊಂಡು ನಾವು ಮಾಡ್ತೀವಿ. ಸಂಜೆ ಹೊತ್ತಿಗೆ ಅದು ನೆನೆದು, ಹರಿದು, ಕಸದ ಬುಟ್ಟಿ ಸೇರುತ್ತೆ. ನಿನಗೆ ಗೊತ್ತಿರೋದೇ ಅಲ್ವಾ?"

"ಮೈಯಲ್ಲೂ ಹಾಗೇ ಅಣ್ಣ. ಲಿವರಿನ ಒಂದೊಂದು ಜೀವಕೋಶದ ಒಳಕೋಣೆಯಲ್ಲೂ ಒಂದು ದೊಡ್ಡ ಪುಸ್ತಕ ಇದೆ, ಡಿಎನ್‌ಎ ಅಂತ. ಅದು ಹೊರಗೆ ಬರೋದೇ ಇಲ್ಲ. ಒಬ್ಬ ಗುಮಾಸ್ತ ಬೇಕಾದ ಪುಟಾನ ಚೀಟಿಗೆ ಇಳಿಸ್ತಾನೆ, ಚೀಟಿ ಹೊರಗೆ ಬರುತ್ತೆ. ಹೊರಗೆ ಅಡುಗೆಯವರು ಅದನ್ನ ಮೂರು ಮೂರು ಅಕ್ಷರ ಓದ್ತಾರೆ. ಮೂರಕ್ಷರಕ್ಕೆ ಒಂದು ಮಣಿ. ಮುಂದಿನ ಮೂರಕ್ಕೆ ಇನ್ನೊಂದು. ಒಂದರ ಹಿಂದೆ ಒಂದು ಪೋಣಿಸ್ತಾ ಹೋಗ್ತಾರೆ. ಇಲ್ಲಿಗೆ ನಿಲ್ಲಿಸು ಅನ್ನೋ ಮೂರಕ್ಷರ ಬಂದಾಗ ಸರ ಬಿಟ್ಟುಬಿಡ್ತಾರೆ. ಆ ಸರ ಮುದುಡಿಕೊಂಡು ಒಂದು ಆಕಾರಕ್ಕೆ ಬಂದರೆ ಅದೇ ಪ್ರೋಟೀನು. ರಕ್ತ ಹೆಪ್ಪುಗಟ್ಟಿಸೋದು ಅದೇ, ಇನ್ನೂ ಸಾವಿರ ಕೆಲಸ ಮಾಡೋದೂ ಅಂಥದ್ದೇ."

"ಪುಸ್ತಕ ಹಾಳಾಗಿದೆಯಾ?"

"ಇಲ್ಲ. ಪುಸ್ತಕ ಸರಿಯಾಗಿದೆ. ಅಡುಗೆಯವರೂ ಸರಿಯಾಗಿದಾರೆ. ಈ ಅಣಬೆಯ ವಿಷ ಹೋಗಿ ಗುಮಾಸ್ತನ ಕೈ ಹಿಡ್ಕೊಂಡಿದೆ."

ಮೂವತ್ತು ವರ್ಷ ಕಿಟಕಿಯಿಂದ ಚೀಟಿ ಈಸಿಕೊಂಡವನಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ.

"ಹಾಗಾದ್ರೆ ಇವತ್ತು ನಾನು ನಗ್ತಾ ಇರೋದು ನಿನ್ನೆಯ ಚೀಟಿ ಮೇಲೆ" ಎಂದ.

"ಹೂಂ."

"ಅದು ಹರಿದ ಮೇಲೆ ಒಲೆ ಉರೀತಾನೇ ಇರುತ್ತೆ, ಕೈಯಲ್ಲಿ ಕೆಲಸ ಇರಲ್ಲ."

"ಹೂಂ."

"ಆ ಗುಮಾಸ್ತನ ಕೈ ಬಿಡಿಸೋಕೆ ಔಷಧಿ?"

"ಇದೆ ಅಂತಾರೆ. ಬೇಗ ಕೊಟ್ರೆ ಕೆಲವು ಸಲ ನಡೆಯುತ್ತೆ."

ಬೇಗ ಎನ್ನುವ ಮಾತು ಇಬ್ಬರ ನಡುವೆ ಬಿದ್ದಿತ್ತು. ಸೋಮವಾರ ಬೆಳಿಗ್ಗೆಯಿಂದ ಮಂಗಳವಾರ ಮಧ್ಯಾಹ್ನ; ಲೆಕ್ಕ ಅವಳಿಗೆ ಬರುತ್ತಿತ್ತು, ಅಣ್ಣನಿಗೂ ಬರುತ್ತಿತ್ತು.

"ಆ ಹಿಂದಿನ ಡಬ್ಬಿಗಳು?" ಎಂದ, ಕಿಟಕಿಯ ಕಡೆ ನೋಡುತ್ತ. "ಹುಟ್ಟುಹಬ್ಬದ್ದು? ಆ ಮೀನು ಮಾಡಿದ್ದು? ಯಾವುದನ್ನೂ?"

"ಯಾವುದನ್ನೂ ಇಲ್ಲ ಅಣ್ಣ. ಗಂಟಲಲ್ಲಿ ಇಳೀತಿರಲಿಲ್ಲ. ನೀನು ನೊಂದ್ಕೋತೀಯ ಅಂತ ಹೇಳಲಿಲ್ಲ."

ಅವನಿಗೆ ನೋವಾಯಿತು. ವಿಷದ ಸುದ್ದಿ ಕೇಳಿದಾಗ ಕುಗ್ಗದ ಮುಖ ಈಗ ಕುಗ್ಗಿತು. ನಾನೂರು ಜನ ಬೆರಳು ನೆಕ್ಕುವಂತೆ ಬಡಿಸಿದವನು ಒಬ್ಬ ತಂಗಿಗೆ ಒಂದು ತುತ್ತು ಉಣಿಸಲಾಗದೆ ಹೋಗಿದ್ದ. ಆದರೂ ಕೈ ಚಾಚಿ ಅವಳ ಮಣಿಕಟ್ಟು ಹಿಡಿದ. ಹೆಬ್ಬೆರಳು, ನಡುಬೆರಳು ಸುತ್ತಿ ಬಂದು ಒಂದರ ಮೇಲೊಂದು ಕೂತವು.

"ನೋಡು, ಇನ್ಮೇಲೆ ತಿನ್ನದಿದ್ರೆ ತಿನ್ನಲಿಲ್ಲ ಅನ್ನು" ಎಂದ. "ತಿಂದು ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅನ್ನು. ಚೆನ್ನಾಗಿತ್ತು ಚೆನ್ನಾಗಿತ್ತು ಅಂದ್ಕೊಂಡು ಹೋಗೋರಿಂದ ಅಡುಗೆಯವನು ಹಾಳಾಗ್ತಾನೆ."

ಅವಳು ತಲೆಯಾಡಿಸಿದಳು. ಆಂಬುಲೆನ್ಸಿಗೆ ಹತ್ತುವಾಗ ಅವನು ಸ್ಟ್ರೆಚರ್ ಬೇಡವೆಂದು ನಡೆದುಕೊಂಡೇ ಹೋದ. ಅಂಗಿಯ ಗುಂಡಿ ಪೂರ್ತಿ ಹಾಕಿಕೊಂಡಿದ್ದ.

ಬುಧವಾರ ದೊಡ್ಡ ಆಸ್ಪತ್ರೆಯ ಲ್ಯಾಬಿನವಳು ಫೋನ್ ಮಾಡಿ ಮೂವತ್ತೊಂಬತ್ತು ಎಂದಳು. ಒಂದೇ ಕಸುಬಿನವರು, ಸೆಕೆಂಡಿನಲ್ಲೇ ಮಾತಾಡಿಕೊಂಡರು. ಗುರುವಾರ ಅರವತ್ತೆಂಟು. ಬೇರೆ ಲಿವರು ಹಾಕಬೇಕು, ಸತ್ತವರದು ಸದ್ಯಕ್ಕೆ ಸಿಗುತ್ತಿಲ್ಲ ಎಂದು ಅಲ್ಲಿನವರು ಹೇಳಿದಾಗ ಅವಳು ಬಸ್ಸು ಹತ್ತಿ ಹೋಗಿ ತನ್ನದರಲ್ಲಿ ಅರ್ಧ ತೆಗೆದುಕೊಳ್ಳಿ ಎಂದಳು. ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮೂವತ್ತೆಂಟು ಕಿಲೋ. ರಕ್ತ ನೋಡಿದರು. ದೊಡ್ಡ ಡಾಕ್ಟರು, "ಅಮ್ಮ, ನಿಮ್ಮನ್ನ ಮೇಜಿನ ಮೇಲೆ ಮಲಗಿಸಿದ್ರೆ ನಾವು ಇಬ್ಬರನ್ನ ಕಳ್ಕೋತೀವಿ" ಎಂದರು. ಒಂದು ದಿನ ಮೊದಲು ಬಂದಿದ್ದರೆ ಉಳಿಯುತ್ತಿದ್ದನೇ ಎಂದು ಅವಳು ಕೇಳಿದಳು. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು, ಹೇಳಲಾಗದು ಎಂದರು. ಆ ಮಾತನ್ನು ಅವಳು ಮಡಿಚಿ ಒಳಗಿಟ್ಟುಕೊಂಡಳು. ಹೊರಗೆ ಎಸೆಯುವಂಥದ್ದಲ್ಲ, ಬಿಡಿಸಿ ನೋಡುವಂಥದ್ದೂ ಅಲ್ಲ.

ಶುಕ್ರವಾರ ಅಣ್ಣನಿಗೆ ಅವಳ ಗುರುತು ಹತ್ತಲಿಲ್ಲ. ಕಣ್ಣು, ಉಗುರು ಎಲ್ಲ ಹಳದಿ. ಯಾರೋ ಚೀಟಿ ಕೊಟ್ಟಿಲ್ಲ ಎಂದು ಗೊಣಗುತ್ತಿದ್ದ. ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿಬಿಟ್ಟ. ಕ್ಯಾಂಟೀನಿನವರು ಬಂದು ಎದೆ ಬಡಿದುಕೊಂಡು ಅತ್ತರು. ಅವಳು ಎಲ್ಲ ಕಡೆ ಸಹಿ ಹಾಕಿದಳು, ಬಂದವರಿಗೆ ನೀರು ಕೊಟ್ಟಳು. ಎಂಥ ಗಟ್ಟಿ ಹೆಂಗಸು ಎಂದು ಕೆಲವರು, ಕಲ್ಲು ಎಂದು ಕೆಲವರು ಮಾತಾಡಿಕೊಂಡರು. ಎರಡೂ ಅವಳ ಕಿವಿಗೆ ಬಿತ್ತು, ಎರಡೂ ಸರಿಯೆನಿಸಿತು.

ನಾಲ್ಕು ದಿನ ಬಿಟ್ಟು ಕೆಲಸಕ್ಕೆ ಬಂದಳು. ಫ್ರೀಜರ್ ತೆಗೆದಾಗ ಆರು ಸೀಸೆ ಉಳಿದಿದ್ದವು. ಒಂದನ್ನು ಅಂಗೈಯಲ್ಲಿ ಹಿಡಿದು ಕರಗಿಸುತ್ತಿರುವಾಗ ನೆನಪಾಯಿತು: ಇದರಲ್ಲಿ ಆರನೆಯ ಒಂದು ಪಾಲು ಅಣ್ಣನದು. ಗುಮಾಸ್ತನ ಕೈ ಆಡುತ್ತಿದ್ದಾಗ, ಚೀಟಿಗಳು ಸರಿಯಾಗಿ ಹೊರಗೆ ಬರುತ್ತಿದ್ದಾಗ ಅವನ ಲಿವರು ಮಾಡಿಟ್ಟದ್ದು. ಬಿಸಿನೀರಿನಲ್ಲಿಟ್ಟು, ಹನಿ ಹಾಕಿ, ಬೆಳಕಿಗೆ ಹಿಡಿದು ವಾಲಿಸಿದಳು. ಹದಿಮೂರನೆಯ ಸೆಕೆಂಡಿಗೆ ಎಳೆ ಕಟ್ಟಿತು. ಪಟ್ಟಿಯಲ್ಲಿ ನಾರ್ಮಲ್, ಹದಿಮೂರು ಎಂದು ಬರೆದಳು. ಕೊಳವೆಯನ್ನು ಬುಟ್ಟಿಗೆ ಹಾಕಲು ಕೈ ಬರಲಿಲ್ಲ, ಸ್ಟ್ಯಾಂಡಿನಲ್ಲೇ ಬಿಟ್ಟಳು. ಮರುದಿನವೂ ಹಾಗೆಯೇ, ಅದರ ಮರುದಿನವೂ. ಆರನೆಯ ದಿನ ಫ್ರೀಜರಿನ ಆ ಗೂಡು ಖಾಲಿಯಾಯಿತು, ಸ್ಟ್ಯಾಂಡಿನಲ್ಲಿ ಆರು ಕೊಳವೆ ಸಾಲಾಗಿ ನಿಂತಿದ್ದವು.

"ಹೊಸ ನಾರ್ಮಲ್ ಮಾಡಬೇಕಲ್ಲಮ್ಮ" ಎಂದರು ಮುಖ್ಯಸ್ಥರು. ಸ್ಟ್ಯಾಂಡಿನ ಮೇಲೆ ಕಣ್ಣಾಡಿಸಿದರು. "ಮತ್ತೆ ಐದೇ ಜನ ಇದೀವಿ. ಒಬ್ಬರನ್ನ ಎಲ್ಲಿಂದಾದ್ರೂ ಹಿಡ್ಕೊಂಡು ಬನ್ನಿ."

ಅವಳಿಗೆ ಗೊತ್ತಿದ್ದ ಗಟ್ಟಿಮುಟ್ಟಾದ ಜನ ಇದ್ದದ್ದು ಒಂದೇ ಕಡೆ. ಮಧ್ಯಾಹ್ನ ಕಾರ್ಖಾನೆಯ ಕ್ಯಾಂಟೀನಿಗೆ ಹೋದಳು. ಹದಿನಾರು ವರ್ಷದಲ್ಲಿ ಅಲ್ಲಿಗೆ ಹೋದದ್ದು ಅದೇ ಮೊದಲು. ಎರಡನೆಯ ಪಾಳಿಯವರು ಉಂಡು ಎದ್ದಿದ್ದರು, ಬೆಂಚುಗಳನ್ನು ಒರೆಸುತ್ತಿದ್ದರು. ಗೋಡೆಯಲ್ಲಿ ಸಣ್ಣ ಕಿಟಕಿ, ಅದರ ಪಕ್ಕದ ಮೊಳೆಗೆ ಸಿಕ್ಕಿಸಿದ ಆ ದಿನದ ಚೀಟಿ ಆಗಲೇ ಒದ್ದೆಯಾಗಿ ಜೋತುಬಿದ್ದಿತ್ತು. ಅಣ್ಣನ ಕೈಕೆಳಗೆ ಇಪ್ಪತ್ತು ವರ್ಷ ಈರುಳ್ಳಿ ಹೆಚ್ಚಿ, ಈಗ ಅವನ ಸೌಟು ಹಿಡಿದಿದ್ದ ದಪ್ಪನೆಯ ಹೆಂಗಸು ಅವಳನ್ನು ಗುರುತಿಸಿ ಹತ್ತಿರ ಬಂದಳು. ರಕ್ತ ಕೊಡಬೇಕು, ಒಂದು ಕೊಳವೆಯಷ್ಟು ಸಾಕು ಎಂದು ಅವಳು ವಿವರಿಸಿದಳು.

"ಕೊಡ್ತೀನಿ ತಗೋ, ನನ್ನಲ್ಲಿ ಬೇಕಾದಷ್ಟಿದೆ" ಎಂದಳು ಆಕೆ. "ಮೊದಲು ಕೂತ್ಕೊ. ಸೌಟಣ್ಣನ ತಂಗಿ ಬಾಗಿಲ ತನಕ ಬಂದು ಬರೀ ಬಾಯಲ್ಲಿ ಹೋದ್ಲು ಅಂತ ಅನ್ನಿಸ್ಕೊಳ್ಳೋಕೆ ನಾನಂತೂ ತಯಾರಿಲ್ಲ."

ತಟ್ಟೆ ಬಂತು. ಅನ್ನ, ಬೇಳೆ, ಬೇಯಿಸಿದ ತರಕಾರಿ. ಹಬೆಯಾಡುತ್ತಿತ್ತು. ಆಕೆ ಎದುರಿನ ಬೆಂಚಿನಲ್ಲಿ ಮೊಣಕೈ ಊರಿ ಕೂತಳು. ಎದುರಿಗೆ ಕೂತವರನ್ನು ಫ್ರಿಜ್ಜಿನಲ್ಲಿಡಲಾಗುವುದಿಲ್ಲ. ಗಡಿಯಾರದಕ್ಕ ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ಅದು ಗಂಟಲಲ್ಲಿ ಇಳಿಯಿತು. ಇನ್ನೊಂದು ತುತ್ತು. ಮೂರನೆಯ ತುತ್ತಿಗೆ ನಾಲಗೆಗೆ ಏನೋ ತಿಳಿಯಿತು. ಒಂದೂವರೆ ವರ್ಷದಲ್ಲಿ ಮೊದಲ ಸಲ.

"ಹೇಗಿದೆ?" ಎಂದಳು ಆಕೆ.

ಚೆನ್ನಾಗಿದೆ ಎನ್ನುವ ಮಾತು ರೂಢಿಯಂತೆ ತುಟಿಯ ತನಕ ಬಂತು. ಅಲ್ಲಿ ಅದನ್ನು ಹಿಡಿದು ನಿಲ್ಲಿಸಿದಳು.

"ಉಪ್ಪು ಕಡಿಮೆ" ಎಂದಳು.

ಹೇಳಿದ ಕೂಡಲೇ ಅವಳಿಗೆ ಅಳು ಬಂತು. ಸದ್ದಿಲ್ಲದ ಅಳುವಲ್ಲ, ಬೆಂಚು ಒರೆಸುತ್ತಿದ್ದವರು ಬಟ್ಟೆ ಬಿಟ್ಟು ನೋಡುವಂಥದ್ದು. ಅಣ್ಣನಿಗಾಗಿ ಅತ್ತಳು, ಬಸ್ಸಿನಲ್ಲಿ ಕೂತಂತೆ ಹೋದವನಿಗಾಗಿ ಅತ್ತಳು, ಸೋಮವಾರದ ಒಂದು ಹೂಂಗಾಗಿ ಅತ್ತಳು. ಎದುರಿಗಿದ್ದ ಆಕೆ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ತಟ್ಟೆಯ ಪಕ್ಕ ಇಟ್ಟು, ಮತ್ತೆ ಮೊಣಕೈ ಊರಿ ಕೂತಳು. ಅವಳು ಅಳುತ್ತಲೇ ಉಪ್ಪು ಹಾಕಿಕೊಂಡು ಕಲಸಿ ತಿಂದಳು.